ಕಲ್ಲು ನೋಡುವವರಿಗೆ, ಬಾವಿ ಅಳೆಯುವವರಿಗೆ ಸರ್ಕಾರ ಯಾಕೆ ಸಂಬಳ ಕೊಡಬೇಕು?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕು. ಮೂರೂವರೆ ಎಕರೆ ಜಮೀನು, ಟೊಮ್ಯಾಟೊ ಮತ್ತು ಹಿಪ್ಪುನೇರಳೆ. ಹತ್ತು ವರ್ಷದಲ್ಲಿ ಐದು ಬೋರ್ ಕೊರೆಸಿದೆ, ಮೂರು ಫೇಲ್. ಕೊನೆಯದು 1,250 ಅಡಿ, ಬರೀ ಧೂಳು. ನಮ್ಮೂರ ಶಾಲೆ ಪಕ್ಕ ಸರ್ಕಾರದವರ ಒಂದು ಬೋರ್ ಇದೆ, ಮೋಟರ್ ಇಲ್ಲ. ವರ್ಷಕ್ಕೆ ಮೂರ್ನಾಲ್ಕು ಸಲ ಯಾರೋ ಬಂದು ಟೇಪ್ ಬಿಟ್ಟು ಬರೆದುಕೊಂಡು ಹೋಗುತ್ತಾರೆ. ಇನ್ನೊಮ್ಮೆ ಜೀಪಿನಲ್ಲಿ ಬಂದವರು ಬಂಡೆ ಒಡೆದು ಚೂರು ತಗೊಂಡು ಹೋದರು. ಚಿನ್ನವೂ ಸಿಗಲಿಲ್ಲ, ನೀರೂ ಸಿಗಲಿಲ್ಲ. ಇದಕ್ಕೆಲ್ಲ ನಮ್ಮ ತೆರಿಗೆ ದುಡ್ಡು ಯಾಕೆ? ಖಾಸಗಿಯವರಿಗೆ ಕೊಟ್ಟರೆ ಆಗಲ್ವಾ? ಮತ್ತೆ, ಆರನೇ ಬೋರ್ ಹಾಕಿಸಲಾ?

ಉತ್ತರ: ಮೊದಲು ಆ ಮೋಟರ್ ಇಲ್ಲದ ಬೋರ್ ವಿಷಯ. ಆ ಟೇಪ್ ಬಿಡುವ ಕೆಲಸವನ್ನು ನಾನೂ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ವರ್ಷಗಟ್ಟಲೆ ಮಾಡಿದ್ದೇನೆ. ಅದು ನೀರು ಎತ್ತುವ ಬೋರ್ ಅಲ್ಲ, ನೀರು ನೋಡುವ ಬೋರ್. ಪೀಜೋಮೀಟರ್ ಅಂತಾರೆ. ಜನವರಿಯಲ್ಲೊಮ್ಮೆ, ಮುಂಗಾರಿಗೆ ಮುಂಚೆ ಒಮ್ಮೆ, ಆಗಸ್ಟ್‌ನಲ್ಲಿ, ನವೆಂಬರ್‌ನಲ್ಲಿ ಅಳೆಯುತ್ತಾರೆ. ಮುಚ್ಚಳದ ಬೀಗ ತೆಗೆದು ತುದಿಗೆ ತೂಕ ಕಟ್ಟಿದ ಟೇಪನ್ನು ಮೆಲ್ಲಗೆ ಒಳಗೆ ಬಿಡಬೇಕು. ನೀರು ತಾಗಿದ ಕೂಡಲೇ ಕೈಯಲ್ಲಿರುವ ರಾಟೆಯ ಪೆಟ್ಟಿಗೆ ಕೀಂಯ್ ಅನ್ನುತ್ತೆ. ಸ್ವಲ್ಪ ಎತ್ತಿ ಇನ್ನೊಮ್ಮೆ ಬಿಟ್ಟು ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಕೇಸಿಂಗ್ ಪೈಪಿನ ಬಾಯಿಂದ ಎಷ್ಟು ಮೀಟರ್ ಅಂತ ಓದಿ, ಪೈಪು ನೆಲದಿಂದ ಎಷ್ಟು ಮೇಲಿದೆಯೋ ಅಷ್ಟನ್ನು ಕಳೆದು ಬರೆಯಬೇಕು. ಐದು ನಿಮಿಷದ ಕೆಲಸ. ಪಕ್ಕದಲ್ಲಿ ಹಸು ಮೇಯಿಸುವವರು "ನೀರು ಬರುತ್ತಾ ಸಾರ್?" ಅಂತ ಕೇಳಿಯೇ ಕೇಳುತ್ತಾರೆ.

ಒಂದು ಸಲ ಅಳೆದರೆ ಆ ಸಂಖ್ಯೆಯಿಂದ ಏನೂ ಪ್ರಯೋಜನ ಇಲ್ಲ. ಒಂದೇ ಬೋರ್‌ನಲ್ಲಿ, ಅದೇ ತಿಂಗಳುಗಳಲ್ಲಿ, ಬರ ಬಂದರೂ ಮಳೆ ಬಂದರೂ ತಪ್ಪಿಸದೆ ಇಪ್ಪತ್ತು ಮೂವತ್ತು ವರ್ಷ ಅಳೆದರೆ ಆಗ ಅದಕ್ಕೆ ಬೆಲೆ ಬರುತ್ತೆ.

ಹೇಗೆ ಅಂತ ನಿಮ್ಮ ಪಕ್ಕದ ಉದಾಹರಣೆಯಿಂದಲೇ ಹೇಳುತ್ತೇನೆ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು. ಅದೇ ಕೆಸಿ ವ್ಯಾಲಿ. ದಿನಕ್ಕೆ 440 ದಶಲಕ್ಷ ಲೀಟರ್ ಹರಿಸುವ ಯೋಜನೆ. ಕೆರೆ ತುಂಬಿತು, ಸುತ್ತಮುತ್ತ ಒಣಗಿದ್ದ ಬೋರ್‌ಗಳಲ್ಲಿ ನೀರು ಬಂತು ಅಂತ ಜನ ಖುಷಿಪಟ್ಟರು. ಇನ್ನು ಕೆಲವರಿಗೆ ಆ ನೀರು ಅಂತರ್ಜಲಕ್ಕೆ ಏನು ಮಾಡುತ್ತೋ ಅನ್ನುವ ಭಯ. ಅಷ್ಟರಲ್ಲಿ 2021ರ ನವೆಂಬರ್ ಮಳೆ ಬಂತು. ದಶಕಗಳಿಂದ ಕೋಡಿ ನೋಡದ ಕೆರೆಗಳೂ ಕೋಡಿ ಬಿದ್ದವು, ನಿಮಗೂ ನೆನಪಿರಬೇಕು. ಈಗ ಬೋರ್‌ನಲ್ಲಿ ನೀರು ಮೇಲೆ ಬಂದಿದ್ದು ಕೆಸಿ ವ್ಯಾಲಿಯಿಂದಲಾ, ಮಳೆಯಿಂದಲಾ? ಊರ ಕಟ್ಟೆ ಮೇಲೆ ಕೂತು ಎಷ್ಟು ವಾದ ಮಾಡಿದರೂ ಇದು ತೀರುವುದಿಲ್ಲ. ತುಂಬಿದ ಕೆರೆಯ ಕೆಳಗಿನ ಬೋರ್, ಅಂಥದ್ದೇ ಕಲ್ಲಿನಲ್ಲಿ ಕೆರೆಯಿಂದ ದೂರ ಇರುವ ಬೋರ್, ಎರಡರದ್ದೂ 2018ಕ್ಕೆ ಮುಂಚಿನ, 2018ರಿಂದ 2021ರವರೆಗಿನ, ಆಮೇಲಿನ ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಮಳೆಯ ಪಾಲೆಷ್ಟು, ಕೆರೆಯ ಪಾಲೆಷ್ಟು ಅಂತ ಬೇರೆ ಮಾಡಬಹುದು. ಕೋಟಿಗಟ್ಟಲೆ ಖರ್ಚಿನ ಯೋಜನೆ ನಮಗೆ ಒಳ್ಳೆಯದು ಮಾಡಿತೋ ಇಲ್ಲವೋ ಅನ್ನುವುದಕ್ಕೆ ಸಾಕ್ಷಿ ಆ ಮೋಟರ್ ಇಲ್ಲದ ಬೋರ್‌ಗಳೇ. 2018ರಲ್ಲಿ ಹೋಗಿ 2005ರ ಅಳತೆ ತಗೊಂಡು ಬನ್ನಿ ಅಂದರೆ ಎಷ್ಟು ದುಡ್ಡು ಕೊಟ್ಟರೂ ಯಾರಿಂದಲೂ ಆಗಲ್ಲ. ಆಗಲೇ ಬರೆದಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇದೇ ಅಳತೆಯಿಂದ ನಿಮ್ಮ ಜಮೀನಿನ ಲೆಕ್ಕವನ್ನೂ ಹಾಕೋಣ. ನಮ್ಮ ಕಡೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ. ನಿಮ್ಮ ಮೂರೂವರೆ ಎಕರೆ ಮೇಲೆ ಬೀಳುವುದು ಹತ್ತಿರಹತ್ತಿರ ಒಂದು ಕೋಟಿ ಲೀಟರ್. ಕೇಳಿದರೆ ಬಹಳ ಅನ್ಸುತ್ತೆ. ಆದರೆ ನಮ್ಮ ಗಟ್ಟಿ ಕಲ್ಲಿನ ನೆಲದಲ್ಲಿ ಅದರ ನೂರಕ್ಕೆ ಹತ್ತು ಪಾಲು ಕೆಳಗೆ ಇಳಿದರೆ ಅದೇ ದೊಡ್ಡದು, ಅಂದರೆ 10 ಲಕ್ಷ ಲೀಟರ್. ಈ ಹತ್ತು ಪಾಲು ಎಲ್ಲಿಂದ ಬಂತು? ಮಳೆಗೆ ಮುಂಚೆ, ಮಳೆ ಆದ ಮೇಲೆ ಅಂಥ ಬೋರ್‌ಗಳಲ್ಲಿ ನೀರು ಎಷ್ಟು ಏರಿತು ಅಂತ ಅಳೆದು, ಅದನ್ನು ಕಲ್ಲಿನ ಸಂದುಗಳಲ್ಲಿ ಎಷ್ಟು ನೀರು ಹಿಡಿಯುತ್ತೆ ಅನ್ನುವುದರಿಂದ ಗುಣಿಸಿದರೆ ಸಿಗುತ್ತೆ. ನೀರು ಐದು ಮೀಟರ್ ಏರಿತು ಅಂದುಕೊಳ್ಳಿ. ಕಲ್ಲು ಹಿಡಿಯುವುದು ನೂರಕ್ಕೆ ಒಂದೂವರೆ ಪಾಲು. ಆಗ ಇಂಗಿದ ಮಳೆ 75 ಮಿಲಿಮೀಟರ್, 700ರಲ್ಲಿ ನೂರಕ್ಕೆ ಹತ್ತು ಪಾಲಿನ ಆಸುಪಾಸು.

ಈಗ ಎತ್ತುವ ಲೆಕ್ಕ. ಬೋರ್ ನೀರು ಅಳೆಯುವ ವಿ ಆಕಾರದ ತಗಡಿನಲ್ಲಿ ಎರಡು ಇಂಚು ನೀರು ಅಂದರೆ ಗಂಟೆಗೆ ಸುಮಾರು 2,900 ಲೀಟರ್. ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಬಂದರೆ 20,000 ಲೀಟರ್. ಇಡೀ ವರ್ಷ ನಿಮ್ಮ ಜಮೀನಿಗೆ ಇಂಗಿದ ನೀರನ್ನು ಎರಡು ಇಂಚಿನ ಒಂದು ಬೋರ್ 50 ದಿನದಲ್ಲಿ ಎತ್ತಿಬಿಡುತ್ತೆ. ನಿಮ್ಮ ಎರಡೂ ಬೋರ್ ಓಡಿದರೆ 25 ದಿನ. ಉಳಿದ ದಿನ ನೀವು ಎತ್ತುತ್ತಿರುವುದು ಪಕ್ಕದವರ ನೀರು, ಅವರು ಎತ್ತುತ್ತಿರುವುದು ನಿಮ್ಮದು, ಇಬ್ಬರೂ ಸೇರಿ ಎತ್ತುತ್ತಿರುವುದು ಅಜ್ಜನ ಕಾಲದಲ್ಲಿ ಇಳಿದಿದ್ದ ಹಳೇ ನೀರು. ಸರ್ಕಾರದ ಲೆಕ್ಕದಲ್ಲಿ ಇಂಗುವುದಕ್ಕಿಂತ ಎತ್ತುವುದೇ ಜಾಸ್ತಿಯಾದ ತಾಲ್ಲೂಕನ್ನು ಅತಿ ಬಳಕೆಯ ತಾಲ್ಲೂಕು ಅಂತಾರೆ. ನಿಮ್ಮದೂ ಅದರಲ್ಲಿದೆ. ಕೇಂದ್ರ ಅಂತರ್ಜಲ ಮಂಡಳಿ ಮತ್ತು ರಾಜ್ಯದ ಅಂತರ್ಜಲ ಇಲಾಖೆ ಸೇರಿ ಮಾಡುವ ಲೆಕ್ಕ ಇದು. ನಿಮ್ಮ ಶಾಲೆ ಪಕ್ಕದ ಬೋರ್‌ನ ಸಂಖ್ಯೆ ಹೋಗಿ ಸೇರುವುದು ಅಲ್ಲಿಗೇ.

ಖಾಸಗಿಯವರಿಗೆ ಕೊಟ್ಟರೆ ಆಗಲ್ವಾ ಅಂದಿರಿ. ಒಂದು ರೀತಿಯಲ್ಲಿ ಈಗಾಗಲೇ ಕೊಟ್ಟಾಗಿದೆ, ನೋಡಿ. ಚಿಂತಾಮಣಿ ಸುತ್ತ ಸಾವಿರಾರು ಬೋರ್ ಕೊರೆದವರು ರಿಗ್‌ನವರು. ಎಷ್ಟು ಅಡಿಗೆ ಮಣ್ಣು ಮುಗಿಯಿತು, ಎಲ್ಲಿ ಕೊಳೆತ ಕಲ್ಲು, ಎಲ್ಲಿ ಗ್ಯಾಪ್, ಅಂದರೆ ಕಲ್ಲಿನ ಸಂದು, ಸಿಕ್ಕಿ ಧೂಳು ಒದ್ದೆಯಾಯಿತು, ಎಲ್ಲಿಂದ ಆಚೆ ಬರೀ ಕರಿ ಕಲ್ಲು, ಎಲ್ಲವನ್ನೂ ಅವರು ಕಣ್ಣಾರೆ ನೋಡಿದ್ದಾರೆ. ಅದನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದರೆ ಈ ತಾಲ್ಲೂಕಿಗೆ ಅದಕ್ಕಿಂತ ಒಳ್ಳೆಯ ಅಂತರ್ಜಲ ನಕ್ಷೆ ಬೇಕಾಗುತ್ತಿರಲಿಲ್ಲ. ಆದರೆ ಬರೆದಿಡಲು ಅವರಿಗೆ ಯಾರೂ ದುಡ್ಡು ಕೊಡಲ್ಲ. ಅಡಿ ಲೆಕ್ಕದಲ್ಲಿ ದುಡ್ಡು ಈಸ್ಕೊಂಡು ಬೆಳಗಾಗುವುದರೊಳಗೆ ಮುಂದಿನ ಊರಿಗೆ ಹೋಗಬೇಕು, ಅದು ಅವರ ಹೊಟ್ಟೆಪಾಡು. ಹಾಗಾಗಿ ನಿಮ್ಮ 1,250 ಅಡಿಯ ಧೂಳು ನಿಮ್ಮ ಮನೆಯ ಸಂಕಟವಾಗಿ ಅಲ್ಲೇ ಉಳಿಯಿತು. ಮುಂದಿನ ವರ್ಷ ಬೇಲಿಯ ಆಚೆಯವರು ನೂರು ಅಡಿ ದೂರದಲ್ಲಿ ಅದೇ ಬಂಡೆಗೆ ಇನ್ನೊಂದು ಬೋರ್ ಹಾಕಿಸಿ ಅದೇ ಧೂಳು ನೋಡುತ್ತಾರೆ. ನನ್ನ ಸ್ವಂತ ಅಕ್ಕನ ಮನೆಯಲ್ಲೇ ಹೀಗಾಯಿತು. ಅಂಗೈ ಮೇಲೆ ತೆಂಗಿನಕಾಯಿ ನಿಂತ ಜಾಗ ಅಂತ ಕೊರೆಸಿದರು. ರಾತ್ರಿ ಎರಡು ಗಂಟೆಗೆ ಕಂಪ್ರೆಸರ್ ನಿಂತಾಗ ಅಂಗಳವೆಲ್ಲ ಬೂದಿ ಬಣ್ಣ, ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು. ಪಕ್ಕದ ಹೊಲದಲ್ಲಿ ಎರಡು ವರ್ಷದ ಹಿಂದೆಯೇ ಫೇಲ್ ಆಗಿತ್ತು ಅಂತ ಆಮೇಲೆ ಗೊತ್ತಾಯಿತು.

ಫೇಲ್ ಆದ ಬೋರ್‌ನ ಮಾಹಿತಿಯಿಂದ ಲಾಭ ಆಗುವುದು ಪಕ್ಕದವರಿಗೆ, ಅದನ್ನು ಕೊರೆಸಿದವರಿಗಲ್ಲ. ಇಂಥ ಮಾಹಿತಿಯನ್ನು ಕೂಡಿಡುವ ಕೆಲಸ ಮಾರುಕಟ್ಟೆಯಿಂದ ಆಗಲ್ಲ. ಎಲ್ಲರ ದುಡ್ಡಿನಲ್ಲಿ, ಎಲ್ಲರಿಗೋಸ್ಕರ ಯಾರಾದರೂ ಮಾಡಬೇಕು.

ಇನ್ನು ಬಂಡೆ ಚೂರು ತಗೊಂಡು ಹೋದವರು. ಬಹುಶಃ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು, ಇಲ್ಲವೇ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯವರು. ಸರ್ವೇಕ್ಷಣೆ ಶುರುವಾಗಿದ್ದು 1851ರಲ್ಲಿ, ಮುಖ್ಯವಾಗಿ ಕಲ್ಲಿದ್ದಲು ಹುಡುಕಲಿಕ್ಕೆ. ಮೈಸೂರು ಸಂಸ್ಥಾನ 1894ರಲ್ಲೇ ತನ್ನದೇ ಭೂವಿಜ್ಞಾನ ಇಲಾಖೆ ಮಾಡಿಕೊಂಡಿತು, ರಾಬರ್ಟ್ ಬ್ರೂಸ್ ಫೂಟ್ ಅದರ ಮೊದಲ ಮುಖ್ಯಸ್ಥರು. ಕೋಲಾರದಲ್ಲಿ ಆಗ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯುತ್ತಿತ್ತು. ಕಂಪನಿಗೆ ತನ್ನ ಗಣಿಯ ಅಂಗುಲ ಅಂಗುಲ ಗೊತ್ತಿತ್ತು, ಗಣಿಯ ಬೇಲಿಯ ಆಚೆಗೆ ಅದಕ್ಕೆ ಕೆಲಸ ಇರಲಿಲ್ಲ. ಉಳಿದ ಸಂಸ್ಥಾನದ ಕಲ್ಲನ್ನು ನಡೆದು ನೋಡಿ ನಕ್ಷೆ ಮಾಡಿದ್ದು ಇಲಾಖೆ.

ಕೆಜಿಎಫ್ ಕಥೆಯ ಬೇರೂ ಇಲ್ಲೇ ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. 1802ರಲ್ಲಿ ಮೈಸೂರಿನ ಪೂರ್ವದ ಗಡಿ ಸರ್ವೆಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್, ಇಲ್ಲಿನ ಹಳ್ಳಿ ಜನ ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ನೋಡಿ ಬರೆದಿಟ್ಟ. ಅವನು ಬಂದಿದ್ದು ಗಡಿ ಗುರುತಿಸಲಿಕ್ಕೆ, ಚಿನ್ನಕ್ಕಲ್ಲ. ಆ ಬರಹ ಸುಮಾರು 70 ವರ್ಷ ಹಾಗೇ ಬಿದ್ದಿತ್ತು. ಆಮೇಲೆ ಮೈಕೆಲ್ ಲವೆಲ್ ಅನ್ನುವ ನಿವೃತ್ತ ಸೈನಿಕ ಅದನ್ನು ಓದಿಕೊಂಡು ಹುಡುಕಿ ಬಂದ, ಬೆಂಗಳೂರಿನ ಲವೆಲ್ ರೋಡ್ ಅವನ ಹೆಸರಿನದ್ದೇ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು, 2001ರ ಫೆಬ್ರವರಿ 28ರಂದು ಮುಚ್ಚುವ ಹೊತ್ತಿಗೆ ಸುಮಾರು 800 ಟನ್ ಚಿನ್ನ ತೆಗೆದಾಗಿತ್ತು. ಸರ್ವೆಯವನೊಬ್ಬ ಬರೆದಿಟ್ಟ ಕೆಲವು ಪುಟ ಎಪ್ಪತ್ತು ವರ್ಷ ಕಾದು ಎಲ್ಲಿಗೆ ಮುಟ್ಟಿತು ನೋಡಿ. ಆ ಚಿನ್ನದಿಂದ ಯಾರು ಉದ್ಧಾರವಾದರು, ಯಾರ ಎದೆ ತುಂಬ ಧೂಳು ತುಂಬಿತು ಅನ್ನುವುದು ಇನ್ನೊಂದು ದೊಡ್ಡ ಮಾತು. ಅದನ್ನು ನಾನು ಮರೆತಿಲ್ಲ.

ನಿಮ್ಮ ಕಡೆ ಆ ಚೂರು ಕಲ್ಲಿನಿಂದ ಚಿನ್ನ ಬರಬೇಕಾಗಿಲ್ಲ. ಯಾವ ಹೊಲದ ಕೆಳಗೆ ಗ್ರಾನೈಟ್, ಯಾವುದರ ಕೆಳಗೆ ನೈಸ್ ಅನ್ನುವ ಪಟ್ಟೆ ಪಟ್ಟೆ ಕಲ್ಲು, ಕಲ್ಲಿನ ಬಿರುಕು ಯಾವ ದಿಕ್ಕಿಗೆ ಓಡಿದೆ, ಎಲ್ಲಿ ಡೈಕ್ ಇದೆ ಅನ್ನುವುದು ನಕ್ಷೆಗೆ ಬಂದರೆ ಸಾಕು. ಡೈಕ್ ಅಂದರೆ ಹಳೇ ಬಂಡೆಯ ಬಿರುಕಿನಲ್ಲಿ ಕರಗಿದ ಕಲ್ಲು ನುಗ್ಗಿ ಗಟ್ಟಿಯಾದ ಕರಿ ಕಲ್ಲಿನ ಗೋಡೆ. ಹೊಲದಲ್ಲಿ ಸಾಲಾಗಿ ಕರಿ ಗುಂಡು ಕಲ್ಲು ಎದ್ದಿರುತ್ತವಲ್ಲ, ಅದೇ. ಎಷ್ಟೋ ಕಡೆ ಅದು ನೆಲದೊಳಗಿನ ಚೆಕ್ ಡ್ಯಾಂ ಥರ ನಿಂತು ನೀರನ್ನು ಒಂದು ಪಕ್ಕ ತಡೆಯುತ್ತೆ. ಮೇಲಿನ ಪಕ್ಕ ನೀರು, ಕೆಳಗಿನ ಪಕ್ಕ ಧೂಳು. ಗೋಡೆಯ ಯಾವ ಪಕ್ಕ ರಿಗ್ ನಿಲ್ಲಿಸುತ್ತೀರಿ ಅನ್ನುವುದರ ಮೇಲೆ ನಿಮ್ಮ ನಾಲ್ಕೈದು ಲಕ್ಷದ ಭವಿಷ್ಯ ಇದೆ.

ಇಂಥ ನಕ್ಷೆಯಿಂದ ಎಷ್ಟು ಲಾಭ ಅಂತ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಲೆಕ್ಕ ಹಾಕಿದ್ದಾರೆ. 1960ರಿಂದ 1978ರವರೆಗೆ ಇಡೀ ರಾಜ್ಯಕ್ಕೆ 707 ಭೂವೈಜ್ಞಾನಿಕ ನಕ್ಷೆ ಮಾಡಿದರು. ಅಲ್ಲೂ ಮೊದಲ ಆಸೆ ಕಲ್ಲಿದ್ದಲು ಮತ್ತು ಖನಿಜ. ಆಮೇಲೆ ನಕ್ಷೆ ಬಳಸಿದ್ದು ಬೋರ್ ಹಾಕುವವರು, ರಸ್ತೆ ಮಾಡುವವರು, ಕಸ ಎಲ್ಲಿ ಸುರಿದರೆ ಅಂತರ್ಜಲ ಕೆಡಲ್ಲ ಅಂತ ನೋಡುವವರು, ಮನೆ ಕಟ್ಟುವವರು. 2000ದಲ್ಲಿ ಬಳಕೆದಾರರನ್ನೇ ಕೇಳಿ ಲೆಕ್ಕ ಹಾಕಿದಾಗ ನಕ್ಷೆಯ ಬೆಲೆ ಖರ್ಚಿನ 25ರಿಂದ 39 ಪಟ್ಟು ಅಂತ ಬಂತು. ನಮ್ಮಲ್ಲೂ ಅಂಥದ್ದೊಂದು ಲೆಕ್ಕ ಇದೆ, ಹವಾಮಾನದ್ದು. ಮುಂಗಾರು ಮುನ್ಸೂಚನೆ ಸುಧಾರಿಸಲು ಕೇಂದ್ರ ಸುಮಾರು 1,000 ಕೋಟಿ ಹಾಕಿತ್ತು. ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿಯ 2020ರ ವರದಿ ಪ್ರಕಾರ ಹಾಕಿದ ಒಂದೊಂದು ರೂಪಾಯಿಗೂ ದೇಶಕ್ಕೆ 50 ರೂಪಾಯಿ ಲಾಭ. ಇಂಥ ಸಂಖ್ಯೆಗಳಲ್ಲಿ ಅಂದಾಜು ಇದ್ದೇ ಇರುತ್ತೆ, ಅರ್ಧ ಮಾಡಿಕೊಂಡರೂ ಇಷ್ಟು ಬಡ್ಡಿ ಯಾವ ಬ್ಯಾಂಕಿನಲ್ಲೂ ಸಿಗಲ್ಲ. 2022ರ ಡಿಸೆಂಬರ್‌ನಲ್ಲಿ ಮಾಂಡೌಸ್ ಚಂಡಮಾರುತದ ಮಳೆ ನಮ್ಮ ಕಡೆ ಬಂತಲ್ಲ, ರಾಗಿ ಕೊಯ್ಲಿನ ಹೊತ್ತಿಗೇ? ಸೂಚನೆ ಕೆಲವು ದಿನ ಮೊದಲೇ ಬಂದಿತ್ತು. ಅರಿ ಬಿಟ್ಟಿದ್ದ ರಾಗಿಯನ್ನು ಬೇಗ ಎತ್ತಿ ಮೆದೆ ಹಾಕಿ ಟಾರ್ಪಾಲು ಹೊದಿಸಿದವರಿಗೆ ಕಾಳು ಉಳಿಯಿತು. ಹೊಲದಲ್ಲೇ ಬಿಟ್ಟವರದ್ದು ತೆನೆಯಲ್ಲೇ ಮೊಳಕೆ.

ನಿಮ್ಮ ಗ್ರಾಮ ಪಂಚಾಯಿತಿ ಹತ್ತಿರವೂ ಸೋಲಾರ್ ತಗಡಿನ ಒಂದು ಮಳೆ ಮಾಪಕ ನಿಂತಿರುತ್ತೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. 1988ರಲ್ಲಿ ಬರ ನೋಡುವ ಸಣ್ಣ ಘಟಕವಾಗಿ ಶುರುವಾದ ಸಂಸ್ಥೆ ಅದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿದ್ದು ಇಂಥ ಅಳತೆಗಳ ಮೇಲೆ. ಮುಂದೆ ಕೇಂದ್ರದಿಂದ 3,454 ಕೋಟಿ ಬಂದಾಗಲೂ ಕಾಗದದ ಮೇಲೆ ಮಾತಾಡಿದ್ದು ಮಳೆ, ಮಣ್ಣಿನ ತೇವ, ಬೆಳೆಯ ಸಂಖ್ಯೆಗಳೇ. ಬಂದ ದುಡ್ಡು ಸಾಲದು ಅನ್ನುವುದು ಬೇರೆ ಮಾತು, ಮಳೆ ಅಳೆಯದೇ ಇದ್ದಿದ್ದರೆ ಅಷ್ಟನ್ನೂ ಕೇಳಲಿಕ್ಕೆ ದಾರಿ ಇರಲಿಲ್ಲ.

ಒಂದು ವಿಷಯ ಮಾತ್ರ ನನಗೆ ದುಡ್ಡಿನ ಲೆಕ್ಕಕ್ಕಿಂತ ಮುಖ್ಯ, ಅದು ಫ್ಲೋರೈಡ್. ಆಂಧ್ರ ಗಡಿಯ ಹಳ್ಳಿಯೊಂದರ ಶಾಲೆಗೆ ನೀರಿನ ಮಾದರಿ ತೆಗೆಯಲು ಹೋಗಿದ್ದೆ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ನಗುವಾಗೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಹಲ್ಲಿನ ಮೇಲೆ ಕಂದು ಗೆರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಪಾವಗಡ, ಬಾಗೇಪಲ್ಲಿ ಕಡೆಯ ಎಷ್ಟೋ ಬೋರ್‌ಗಳಲ್ಲಿ ದಾಟಿದೆ. ಗ್ರಾನೈಟ್‌ನಲ್ಲಿರುವ ಕೆಲವು ಖನಿಜಗಳಿಂದ ಅದು ನೀರಿಗೆ ಇಳಿಯುತ್ತೆ, ನೀರು ಕಲ್ಲಿನ ಜೊತೆ ಎಷ್ಟು ಹೆಚ್ಚು ವರ್ಷ ಕೂತಿರುತ್ತೋ ಅಷ್ಟು ಜಾಸ್ತಿ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಗೊತ್ತಾಗಲ್ಲ. ಅದೇ ಕಲ್ಲಿನಿಂದ ಯುರೇನಿಯಂ ಕೂಡ ನಮ್ಮ ಜಿಲ್ಲೆಗಳ ಕೆಲವು ಬೋರ್‌ಗಳಿಗೆ ಬಂದಿದೆ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಬಾಟಲಿ ಹಿಡಿದು ಊರೂರು ತಿರುಗಿ ಮಾದರಿ ತೆಗೆದು ಪರೀಕ್ಷೆ ಮಾಡದೆ ಇದು ಗೊತ್ತಾಗುವ ದಾರಿಯೇ ಇಲ್ಲ. ಆ ಹುಡುಗಿ ಕುಡಿಯುವ ನೀರನ್ನು ಅಳೆದರೆ ಯಾವ ಕಂಪನಿಗೆ ಲಾಭ ಬರುತ್ತೆ ಹೇಳಿ.

2021ರ ಕೊನೆಯಲ್ಲಿ ನಿಮ್ಮ ತಾಲ್ಲೂಕಿನಲ್ಲೇ ನೆಲದೊಳಗಿಂದ ಸದ್ದು ಬಂತು ಅಂತ ಜನ ಹೆದರಿ ಹೊರಗೆ ಮಲಗಿದ್ದರು, ನೆನಪಿದೆಯಾ? ಚಿಕ್ಕಬಳ್ಳಾಪುರದಲ್ಲಿ ಡಿಸೆಂಬರ್‌ನಲ್ಲಿ ತೀವ್ರತೆ 3ರ ಆಸುಪಾಸಿನ ಸಣ್ಣ ಕಂಪನಗಳೂ ಆದವು. ಭಾರೀ ಮಳೆಯ ನೀರು ಒಣಗಿದ್ದ ಬಿರುಕುಗಳಿಗೆ ನುಗ್ಗಿದಾಗ ಹೀಗಾಗುವುದುಂಟು, ದೊಡ್ಡ ಭೂಕಂಪದ ಮುನ್ಸೂಚನೆ ಅಲ್ಲ ಅಂತ ಹೇಳಲು ಕಂಪನ ಮಾಪಕಗಳ ದಾಖಲೆ ಬೇಕಿತ್ತು. ಗೌರಿಬಿದನೂರಿನಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪನ ಕೇಂದ್ರವೇ ಇದೆ, ದೂರ ದೇಶದ ಅಣು ಸ್ಫೋಟವನ್ನೂ ಹಿಡಿಯುವಂಥದ್ದು.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಸಿಟ್ಟಿನಲ್ಲಿ ನ್ಯಾಯವಿಲ್ಲ ಅಂತ ಹೇಳಲಾರೆ. ನಿಮ್ಮೂರ ಬೋರ್ ಅಳೆದವರು ನಿಮಗೊಂದು ಮಾತು ಹೇಳದೆ ಹೋದರೆ ಅದು ತಪ್ಪೇ. ವರದಿ ಇಂಗ್ಲಿಷ್‌ನಲ್ಲಿ, ಪಿಡಿಎಫ್‌ನಲ್ಲಿ, ಮೀಟರ್ ಲೆಕ್ಕದಲ್ಲಿ. ನಿಮಗೆ ಬೇಕಿರುವುದು ಕನ್ನಡದಲ್ಲಿ, ಅಡಿ ಲೆಕ್ಕದಲ್ಲಿ, ಸರ್ವೆ ನಂಬರ್ ಪ್ರಕಾರ. ನಾನೂ ಎಷ್ಟೋ ವರ್ಷ ಟೇಪ್ ಸುತ್ತಿಕೊಂಡು ಸುಮ್ನೆ ಜೀಪು ಹತ್ತಿದ್ದೇನೆ, ಅದು ಈಗಲೂ ಮನಸ್ಸಿಗೆ ಚುಚ್ಚುತ್ತೆ.

ಆರನೇ ಬೋರ್ ಈಗ ಬೇಡ. ಅದರಲ್ಲೂ ಇನ್ನೂ ಆಳಕ್ಕೆ ಹೋಗುವ ಯೋಚನೆ ಬಿಡಿ. ನಮ್ಮ ಕಲ್ಲಿನಲ್ಲಿ ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ, ಇದ್ದವೂ ಮೇಲಿನ ಭಾರಕ್ಕೆ ಬಿಗಿದುಕೊಂಡಿರುತ್ತವೆ. ಅಲ್ಲಿ ನೀರು ಸಿಕ್ಕರೂ ಅದು ಬಹಳ ಹಳೆಯದು, ಫ್ಲೋರೈಡ್ ಜಾಸ್ತಿ ಇರುವ ಸಾಧ್ಯತೆ ಹೆಚ್ಚು. ಒಣಗಿದ ಮೂರು ಬೋರ್‌ಗಳ ಬಾಯಿ ಇವತ್ತೇ ಭದ್ರವಾಗಿ ಮುಚ್ಚಿ, ಮಕ್ಕಳು ಓಡಾಡುವ ಜಾಗ. ಮಳೆ ನೀರು ಹರಿದು ಬರುವ ಕಡೆ ಇರುವ ಒಂದು ಒಣ ಬೋರ್‌ಗೆ ಸುತ್ತ ಗುಂಡಿ ತೋಡಿ, ದಪ್ಪ ಕಲ್ಲು, ಜಲ್ಲಿ, ಮರಳು ಹಾಕಿ ಇಂಗುವ ಹಾಗೆ ಮಾಡಬಹುದು. ಗೊಬ್ಬರ, ಔಷಧಿ ಬೆರೆತ ನೀರು ಮಾತ್ರ ಅದಕ್ಕೆ ಹೋಗಬಾರದು. ಹಿಪ್ಪುನೇರಳೆಗೆ ಇನ್ನೂ ಕಾಲುವೆಯಲ್ಲಿ ಹಾಯಿಸುತ್ತಿದ್ದರೆ ಡ್ರಿಪ್‌ಗೆ ಬನ್ನಿ, ಆರನೇ ಬೋರ್‌ನ ದುಡ್ಡಿನಲ್ಲಿ ಸಣ್ಣ ಭಾಗ ಸಾಕು.

ಆಮೇಲೆ ಒಂದು ಹಾಳೆ ತಗೊಂಡು ಐದೂ ಬೋರ್‌ಗಳ ಜಾಗ ಗುರುತು ಮಾಡಿ. ಯಾವ ವರ್ಷ, ಎಷ್ಟು ಅಡಿ, ಕೇಸಿಂಗ್ ಎಷ್ಟು ಅಡಿ ಇಳಿಯಿತು, ಎಷ್ಟನೇ ಅಡಿಗೆ ಧೂಳು ಒದ್ದೆಯಾಯಿತು, ನೆನಪಿರುವಷ್ಟು ಬರೆಯಿರಿ. ಬೇಲಿ ಆಚೆಯವರದ್ದನ್ನೂ ಕೇಳಿ ಸೇರಿಸಿ. ಅದನ್ನು ಸರ್ವೆ ನಂಬರ್ ಜೊತೆ ಜಿಲ್ಲಾ ಅಂತರ್ಜಲ ಕಚೇರಿಗೆ ತಗೊಂಡು ಹೋಗಿ, ಕರೆಂಟು ಹಾಯಿಸಿ ಕಲ್ಲು ನೋಡುವ ಪರೀಕ್ಷೆ ಬೇಕು, ನಮ್ಮ ಹೊಲದ ಹತ್ತಿರ ಡೈಕ್ ಇದೆಯಾ ನೋಡಿ ಅಂತ ಕೇಳಿ. ಮುಂದಿನ ಸಲ ಶಾಲೆ ಹತ್ತಿರ ಟೇಪ್ ಬಿಡುವವರು ಬಂದಾಗ ಕೆಲಸ ಬಿಟ್ಟಾದರೂ ಹೋಗಿ ಪಕ್ಕದಲ್ಲಿ ನಿಂತುಕೊಳ್ಳಿ. ಎಷ್ಟಿದೆ, ಹೋದ ವರ್ಷ ಇದೇ ತಿಂಗಳು ಎಷ್ಟಿತ್ತು ಅಂತ ಕೇಳಿ, ಅಡಿಗೆ ಬದಲಾಯಿಸಿ ತಾರೀಖು ಹಾಕಿ ಶಾಲೆ ಗೋಡೆ ಮೇಲೆ ಬರೆಯಿರಿ.